ಹೊರಟೆ, ಗೀಸರ್ ಹಾಕು

ಈ ಕಥೆಯನ್ನು ಗೀಸರ್‌ನಿಂದ ಶುರುಮಾಡುವುದೋ, ಕಲ್ಲಮ್ಮನಿಂದಲೋ? ಗೀಸರ್‌ನಿಂದ ಶುರುಮಾಡಿದರೆ ಜಾಹೀರಾತು ಎನ್ನುತ್ತೀರಿ. ಕಲ್ಲಮ್ಮನಿಂದ ಎಂದರೆ, ಆಕೆ ಅಡುಗೆಮನೆಯಲ್ಲಿ ಕೂತು ಬಚ್ಚಲ ಬಾಗಿಲ ಪಕ್ಕದ ಕೆಂಪು ದೀಪವನ್ನೇ ನೋಡುತ್ತಿದ್ದಾಳೆ, ನನ್ನ ಕಡೆ ತಿರುಗುತ್ತಲೂ ಇಲ್ಲ. ಸರಿ, ದೀಪದಿಂದಲೇ ಹಿಡಿಯೋಣ.

೧

ತುಮಕೂರಿನ ಸದಾಶಿವನಗರದ ಈ ಮನೆಯಲ್ಲಿ ಸಂಜೆ ಆ ಕೆಂಪು ದೀಪ ತಾನಾಗಿ ಹೊತ್ತಿಕೊಂಡಿತೆಂದರೆ, ಅತ್ತ ಗುಬ್ಬಿಯಲ್ಲಿ ಕಲ್ಲಮ್ಮನ ಗಂಡ ಮಹಾದೇವಯ್ಯ ಕೊಬ್ಬರಿ ಮಂಡಿಯ ಬಾಗಿಲು ಹಾಕಿ, ಮೊಬೈಲಿನಲ್ಲಿ ಗೀಸರ್ ಒತ್ತಿದ ಎಂದರ್ಥ. ಮಂಡಿಯ ಧೂಳು ಮೈಮೇಲಿದ್ದರೆ ಆತನಿಗೆ ತುತ್ತು ಇಳಿಯದು. ಬಂದವನೇ ಬಚ್ಚಲಿಗೆ ನುಗ್ಗುತ್ತಾನೆ, ನೀರು ಕಾದಿರುತ್ತದೆ. ವಿಜ್ಞಾನ ಎಷ್ಟು ಮುಂದುವರಿದಿದೆ ನೋಡಿ!

(ಕೊನೆಯ ವಾಕ್ಯ ಹೊಡೆದುಹಾಕಬೇಕು. ಹೈಸ್ಕೂಲ್ ಪ್ರಬಂಧದಂತಿದೆ.)

೨

ಮೊದಲು ಫೋನ್ ಬರುತ್ತಿತ್ತು. "ಹೊರಟೆ ಕಣೇ, ಗೀಸರ್ ಹಾಕು." ಗೀಸರಿನ ಮಾತು ಅಲ್ಲಿಗೆ ಮುಗಿಯುತ್ತಿತ್ತು, ಫೋನ್ ಮಾತ್ರ ಮುಗಿಯುತ್ತಿರಲಿಲ್ಲ. ಕಾಯಿ ತಂದವನು ಹೇಗೆ ಚೌಕಾಸಿ ಮಾಡಿದ, ಅವರೆಕಾಯಿ ತರಲೋ ಬೇಡವೋ, ಪಕ್ಕದಂಗಡಿ ಏಕಾಂತಯ್ಯನ ಹಲ್ಲುನೋವು ಎಲ್ಲಿಗೆ ಬಂತು. ಮನೆ ಸೇರಿದ ಮೇಲೆ ಮಹಾದೇವಯ್ಯನದು ಸ್ನಾನ, ಲಿಂಗಪೂಜೆ, ಊಟ, ನಿದ್ದೆ. ಬಾಯಿಗೆ ಬೀಗ. ಹೆಂಡತಿಯೊಡನೆ ಬಾಯ್ತುಂಬ ಮಾತಾಡುತ್ತಿದ್ದದ್ದು ಆ ಫೋನಿನಲ್ಲೇ.

ಆಮೇಲೆ ಗೀಸರ್, ದೀಪ, ಫ್ಯಾನು ಎಲ್ಲಕ್ಕೂ ಸೇರಿ ಹಾಲ್‌ನ ಗೋಡೆಗೊಂದು ಟಚ್ ಪ್ಯಾನೆಲ್ ಬಂತು. ಅದು ಗೋಡೆ ಬಿಟ್ಟು ಕದಲುತ್ತಿರಲಿಲ್ಲವಾದ್ದರಿಂದ ಫೋನ್ ಉಳಿಯಿತು. ಕಳೆದ ವರ್ಷ ಪ್ಯಾನೆಲ್ ಕೆಟ್ಟಾಗ ಕುಣಿಗಲ್‌ನಿಂದ ಮುಬಶ್ಶಿರಾ ಬಂದಳು. ಮನೆಮನೆಗೆ ಇಂಥ ಸ್ವಿಚ್ಚುಗಳನ್ನು ಕೂರಿಸುವುದು ಅವಳ ಕೆಲಸ. ಪ್ಯಾನೆಲ್ ಕಿತ್ತು ಅಡುಗೆಮನೆಗೊಂದು ಟ್ಯಾಬ್, ಮಹಾದೇವಯ್ಯನ ಮೊಬೈಲಿಗೊಂದು ಆ್ಯಪ್ ಹಾಕಿಕೊಟ್ಟಳು. ಇಡೀ ಮನೆ ಆತನ ಜೇಬಿಗೆ ಇಳಿಯಿತು, ಫೋನ್ ನಿಂತೇಹೋಯಿತು. ಏಕಾಂತಯ್ಯನ ಹಲ್ಲು ಏನಾಯಿತೋ ಕಲ್ಲಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಸಂಜೆಯೆಂದರೆ ಈಗ ಅವಳಿಗೆ ಸಂಕಟ.

೩

ಈ ಕಥೆಯ ಮೊದಲ ಡ್ರಾಫ್ಟಿನಲ್ಲಿ ಗೀಸರ್ ಸಿಡಿಯುತ್ತಿತ್ತು. ಹೊಗೆ, ಕಿರುಚಾಟ, ತಂತ್ರಜ್ಞಾನದ ಅಪಾಯ, ಇತ್ಯಾದಿ.

"ನನ್ ಗೀಸರ್ ಮುಟ್ಟಿದ್ರೆ ನೋಡು," ಎಂದಳು ಕಲ್ಲಮ್ಮ. "ಚೆನ್ನಾಗಿರೋದನ್ನ ಯಾಕಪ್ಪಾ ಸುಡ್ತೀಯ?"

ಎರಡನೆಯದರಲ್ಲಿ ಆಕೆ ಟ್ಯಾಬ್ ಹಿಡಿದು ಮನೆಯ ಅಧಿಕಾರವನ್ನೇ ವಶಪಡಿಸಿಕೊಳ್ಳುತ್ತಿದ್ದಳು. (ಸೆಮಿನಾರಿನಲ್ಲಿ ಓದಲು ಹೇಳಿ ಮಾಡಿಸಿದ ಹಾಗಿತ್ತು.)

"ಅಧಿಕಾರ ತಗೊಂಡು ಉಪ್ಪಿನಕಾಯಿ ಹಾಕ್ಲಾ? ನಂಗೆ ಫೋನ್ ಬರ್ಬೇಕು, ಅಷ್ಟೇ."

"ಹಾಗಂತ ಅವರನ್ನೇ ಕೇಳಬಹುದಲ್ಲ?" ಎಂದೆ.

"ಕೇಳಿ ಆಡಿಸ್ಕೊಳ್ಳೋ ಮಾತೂ ಒಂದು ಮಾತಾ?"

ನಾನು ಎರಡನೆಯ ಡ್ರಾಫ್ಟನ್ನೂ ಹರಿದುಹಾಕಿದೆ.

೪

ಆದ್ದರಿಂದ ಮುಬಶ್ಶಿರಾಳನ್ನು ಮತ್ತೆ ಕರೆಸಿದ್ದು ನಾನಲ್ಲ, ಕಲ್ಲಮ್ಮನೇ.

"ಇವರ ಮೊಬೈಲಿಂದ ಗೀಸರ್ ಒಂದನ್ನ ತೆಗ್ಯಕ್ಕಾಗುತ್ತೇನಮ್ಮ?"

"ಯಾಕಾಗಲ್ಲ ಆಂಟಿ? ಆ್ಯಪಲ್ಲಿ ಈ ಮನೆ ಓನರ್ರೇ ನೀವು."

ಕಲ್ಲಮ್ಮ ನಂಬಲಿಲ್ಲ. ನೀವೂ ನಂಬುವುದಿಲ್ಲ, ಲೇಖಕನ ಕೈವಾಡ ಎನ್ನುತ್ತೀರಿ. ಅಲ್ಲ, ಇದು ಮಹಾದೇವಯ್ಯನದೇ ಕೈವಾಡ. ಆ್ಯಪ್ ಹಾಕಿದ ದಿನ, ಓಟಿಪಿ ಬರುತ್ತದೆ ಎಂದದ್ದೇ ತಡ, ಆತ ಹಾವು ಕಂಡವನ ಹಾಗೆ ಹಿಂದೆ ಸರಿದಿದ್ದ. "ನನ್ ನಂಬರ್ಗೆ ಬ್ಯಾಂಕ್ ಸೇರ್ಕೊಂಡೈತೆ. ಇವಳದ್ ಹಾಕಮ್ಮ, ಹೋದ್ರೆ ಅದ್ರಲ್ಲಿ ಏನೂ ಇಲ್ಲ." ಹೀಗೆ ಏನೂ ಇಲ್ಲದ ನಂಬರಿಗೆ ಇಡೀ ಮನೆ ಸೇರಿತ್ತು.

ಮುಬಶ್ಶಿರಾ ಟ್ಯಾಬ್ ಮುಂದೆ ಹಿಡಿದಳು. "ನೀವೇ ಒತ್ತಬೇಕು ಆಂಟಿ." ಕಲ್ಲಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿದಳು.

೫

ಸಂಜೆ ಫೋನ್ ಬಂತು.

"ಏನೇ, ಗೀಸರ್ ಕೆಟ್ಟೈತಾ? ಪರ್ಮಿಷನ್ ಇಲ್ಲ ಅಂತೈತೆ. ಆ ಹುಡುಗಿನ ಕರ್ಸು."

"ಕೆಟ್ಟಿಲ್ಲ ಕಣ್ರೀ. ನಾನೇ ತೆಗ್ಸಿದೀನಿ."

"ಯಾಕೆ?"

(ಇಲ್ಲಿಗೆಂದೇ ಒಂದು ಭರ್ಜರಿ ಡೈಲಾಗ್ ಬರೆದಿಟ್ಟಿದ್ದೆ. ಕಲ್ಲಮ್ಮ ಅದನ್ನು ಮೂಸಿಯೂ ನೋಡಲಿಲ್ಲ.)

"ಬಾಯಲ್ಲಿ ಹೇಳಿ. ಹಾಕ್ತೀನಿ."

ಕಲ್ಲಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ನಾನೂ ಅತ್ತಲೇ ಕಿವಿ ಕೊಟ್ಟೆ. ಆತ ಸಿಡುಕಿ ಫೋನಿಟ್ಟರೆ ನಾನೇನೂ ಮಾಡುವ ಹಾಗಿಲ್ಲ.

"ಹೊರಟೆ ಕಣೇ," ಎಂದ ಮಹಾದೇವಯ್ಯ. "ಗೀಸರ್ ಹಾಕು." ಆಮೇಲೆ, "ಏಕಾಂತಯ್ಯ ಹಲ್ಲು ಕೀಳಿಸಿ ಹೊಸ ಸೆಟ್ ಹಾಕ್ಸ್ಕೊಂಡವ್ನೆ, ಹೇಳಿದ್ನಾ ನಿಂಗೆ?"

"ಯಾವಾಗ ಹೇಳಿದ್ರಿ?" ಎನ್ನುತ್ತ ಕಲ್ಲಮ್ಮ ಸ್ಟೂಲ್ ಎಳೆದುಕೊಂಡು ಕೂತಳು.

೬

ಮುಕ್ತಾಯ ಬೇಕೆ? ಎರಡಿವೆ. ಮಹಾದೇವಯ್ಯ ಬದಲಾದ ಎನ್ನುವುದು ಒಂದು. ನಾಳೆ ಮುಬಶ್ಶಿರಾಳಿಗೆ ಗದರಿ ಗೀಸರ್ ವಾಪಸ್ ಪಡೆದ ಎನ್ನುವುದು ಇನ್ನೊಂದು. ಯಾವುದನ್ನೂ ಬರೆಯಲಾರೆ, ಯಾಕೆಂದರೆ ಅವರಿಬ್ಬರೂ ಇನ್ನೂ ಮಾತಾಡುತ್ತಲೇ ಇದ್ದಾರೆ. ಹೊರಟೆ ಎಂದವನು ಮಂಡಿಯ ಮೆಟ್ಟಿಲ ಮೇಲೇ ಕೂತಿದ್ದಾನೆ. ಇತ್ತ ಕೆಂಪು ದೀಪ ಹೊತ್ತಿಲ್ಲ, ಕಲ್ಲಮ್ಮ ಗೀಸರ್ ಹಾಕುವುದನ್ನೇ ಮರೆತಿದ್ದಾಳೆ. ಪಾಪ, ಬಂದ ಮೇಲೆ ಆ ಮನುಷ್ಯನಿಗೆ ತಣ್ಣೀರೇ ಗತಿ. ನಾನಾದರೂ ಹಾಕೋಣವೆಂದು ಟ್ಯಾಬ್ ಕಡೆ ಕೈ ಚಾಚಿದೆ. ಪರ್ಮಿಷನ್ ಇಲ್ಲ ಅಂತೈತೆ.