ಮೌನಿ ಹಾಡಿದ ಆಲ್ಬಮ್

ಹದಿನೆಂಟು ವರ್ಷ ಒಂದೇ ಮೆಟಲ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸಿದವನನ್ನು ಗೆಳೆಯರು ಮೌನಿ ಎಂದೇ ಕರೆಯುತ್ತಿದ್ದರು. ವೇದಿಕೆಯ ಹಿಂಬದಿಯಲ್ಲಿ ಡ್ರಮ್ಮಿನ ಪಕ್ಕ ನಿಂತು, ಬಾಯಿ ಬಿಡದೆ ಮನೆಗೆ ಬರುವ ಆಸಾಮಿ. ಅಂಥವನು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಸ್ವಂತ ಆಲ್ಬಮ್ ಮಾಡುತ್ತೇನೆ, ನಾನೇ ಹಾಡುತ್ತೇನೆ ಎಂದಾಗ ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅವನ ಹಣೆ ಮುಟ್ಟಿ ನೋಡಿದಳು.

ಹಿಂದಿನ ಕೋಣೆಯ ಗೋಡೆಗಳಿಗೆ ಹಳೆಯ ಹಾಸಿಗೆ ಒರಗಿಸಿ ರೆಕಾರ್ಡಿಂಗ್ ಶುರುವಾಯಿತು. ಹತ್ತು ಹದಿನೈದು ನಿಮಿಷದ ಹಾಡುಗಳು. ಏಳರ ತಾಳ ತಟ್ಟನೆ ಐದಕ್ಕಿಳಿದು ಮತ್ತೆ ಏಳಕ್ಕೆ ಹಾರುತ್ತಿತ್ತು. ಬ್ಯಾಂಡಿನ ಗೆಳೆಯ ಬಂದು ಎರಡೇ ದಿನದಲ್ಲಿ ಡ್ರಮ್ ಮುಗಿಸಿ ಹೋದ. ಗಿಟಾರೂ ಸಲೀಸಾಗಿ ಮುಗಿಯಿತು. ಮೌನಿ ಹಾಡಲು ನಿಂತರೆ ಮಾತ್ರ ಬರೀ ಕಿರುಚಾಟ, ಮಾತುಗಳೆಲ್ಲ ಒಳಗೇ ಉಳಿಯುತ್ತಿದ್ದವು.

ಜೊತೆಗೇ ಇದ್ದ ಅತ್ತೆ ಒಂದು ವಾರ ಸಹಿಸಿದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ಎಂಟನೆಯ ದಿನ ಒಳಗೆ ಬಂದು ಕುರ್ಚಿ ಎಳೆದುಕೊಂಡರು.

“ಅಳಿಯಂದ್ರೇ, ನೀವೇನು ಹಾಡ್ತಿದೀರೋ ನಂಗೊಂದಕ್ಷರ ತಿಳೀಲಿಲ್ಲ.”

“ಮೆಟಲ್ ಅಂದ್ರೆ ಹಾಗೇ ಅತ್ತೆ.”

“ಮತ್ತೆ ಬರೆದಿದ್ಯಾಕೆ? ಕೊಡಿ ಆ ಹಾಳೆ.”

ಹಾಳೆ ಇಸಿದುಕೊಂಡು ಕೊನೆಯ ಸಾಲಿನವರೆಗೂ ಓದಿದರು. ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡಿದ್ದ ಅವನ ಅಪ್ಪನ ಕೊನೆಯ ಎರಡು ವರ್ಷ ಅದರಲ್ಲಿತ್ತು.

“ಇದನ್ನ ನುಂಗಬೇಡಿ,” ಎಂದರು. “ಲೈನ್ ಸರಿಯಿಲ್ಲ, ಆ ಕಡೆ ಒಬ್ರು ಕಾಯ್ತಿದಾರೆ ಅಂದ್ಕೊಳ್ಳಿ. ಬಿಡಿಸಿ ಹೇಳಿ.”

ಅಂದಿನಿಂದ ದಿನಾ ಬೆಳಿಗ್ಗೆ ಅತ್ತೆ ಮೇಜಿನ ಮೇಲೆ ಬೆರಳು ಬಡಿದು ಏಳು ಎಣಿಸುವರು. ಅವನು ಕಿರುಚುವುದು ಬಿಟ್ಟು ಹೇಳತೊಡಗಿದ. ಹಿಂದೆ ಗಿಟಾರು ಎಷ್ಟೇ ಗುಡುಗಲಿ, ಒಂದೊಂದು ಮಾತೂ ಕೇಳುತ್ತಿತ್ತು.

ಆಲ್ಬಮ್ ಹೊರಬಂದಾಗ ಒಬ್ಬ ವಿಮರ್ಶಕ, “ಇದು ಹಾಡೋ, ವಾರ್ತೆಯೋ?” ಎಂದು ಬರೆದ. ಮೌನಿ ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದ.

“ವಾರ್ತೆ ಅಂತಾದ್ರೂ ತಿಳೀತಲ್ಲ ಅವರಿಗೆ. ಊಟಕ್ಕೆ ಬನ್ನಿ,” ಎಂದರು ಅತ್ತೆ.

ಮರುವಾರ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಆಲ್ಬಮ್ ಕೇಳಿಸುವ ಕಾರ್ಯಕ್ರಮ. ನಲವತ್ತು ಕುರ್ಚಿ, ಹದಿನೇಳು ಜನ. ಅಪ್ಪನ ಹಾಡು ಮುಗಿದಾಗ, ತೋಳಿನ ತುಂಬ ಹಚ್ಚೆಯಿದ್ದ ದಾಂಡಿಗನೊಬ್ಬ ಕಣ್ಣೊರೆಸಿಕೊಳ್ಳುತ್ತ ಮೌನಿಯ ಬಳಿ ಬಂದ.

“ನಮ್ಮಮ್ಮಂಗೂ ಮಾತು ಹೋಗಿದೆ ಸರ್. ಇದನ್ನ ಅವರಿಗೆ ಕೇಳಿಸ್ಬಹುದಾ?”

ಮೌನಿ ಅವನ ಕೈ ಹಿಡಿದುಕೊಂಡ. ಪಕ್ಕದ ಕುರ್ಚಿಯನ್ನು ಅವನತ್ತ ಎಳೆದ. ಜೊತೆಗೆ ಬಂದಿದ್ದ ಅತ್ತೆ, “ಕೂತ್ಕೊಳಪ್ಪ. ಎಷ್ಟು ದಿನ ಆಯ್ತು?” ಎಂದು ವಿಚಾರಿಸಿದರು. ಮೌನಿ ಮೆಲ್ಲಗೆ ತನ್ನಪ್ಪನ ಬಗ್ಗೆ ಹೇಳತೊಡಗಿದ. ಅಂಗಡಿಯವನು ಒಂದೊಂದಾಗಿ ಕುರ್ಚಿಗಳನ್ನು ಮಡಚಿಡುತ್ತ ಬಂದು, ಅವರು ಕೂತಿದ್ದ ಮೂರನ್ನು ಮಾತ್ರ ಹಾಗೇ ಬಿಟ್ಟ.