ಸತ್ಯಪ್ಪನ ರೇಡಿಯೋದ ಕಡೇ ಸುದ್ದಿ

ಗೋಡೆಗೆ ಆನಿಸಿ ಕೂರಿಸಿದ್ದ ಗಂಡನ ಹಣೆಗೆ ವಿಭೂತಿ ಬಳಿಯುತ್ತಲೇ ಶಿವಗಂಗವ್ವ ಅಂದಳು: “ಇಂವಾ ರೇಡಿಯೋದಾಗ ಮಾತಾಡಿದ್ರ ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕು ಊಟ ಬಿಟ್ಟು ಕೇಳ್ತಿತ್ತು.”

“ಎಷ್ಟ ಸುಳ್ಳ ಹೇಳ್ತಿಯವಾ! ಹೆಣ ಎದ್ದು ನಕ್ಕೀತು,” ಅಂದಳು ಬಾಜೂಮನೆಯ ಅಕ್ಕವ್ವ.

“ಅರ್ಧಾ ಸುಳ್ಳ, ತಗೋ. ಕೊಣ್ಣೂರ ದಾಟ್ತಿರಲಿಲ್ಲ. ಜೋರ ಗಾಳಿ ಬಿಟ್ಟರ ಅದೂ ಇಲ್ಲ.”

ಭಜನೆಯವರೂ ನಕ್ಕರು. ಗೊಬ್ಬರದಂಗಡಿಯ ಶ್ರೀಶೈಲ ಎತ್ತಿನ ಕೊರಳಿಗೂ ದೊಡ್ಡದಾಗುವಂಥ ಮಾಲೆ ಹಿಡಿದು ಒಳಗೆ ಬಂದ. ಶಿವಗಂಗವ್ವ ಮಾತ್ರ ಆಗ ನಗಲಿಲ್ಲ.

*

ಹನ್ನೆರಡು ವರ್ಷದ ಹಿಂದೆ ಸತ್ಯಪ್ಪ ಹಳೆಯ ಟೇಪ್ ರಿಕಾರ್ಡರ್ ಬಿಚ್ಚಿ, ತಾಮ್ರದ ತಂತಿ ಸುತ್ತಿ, ಬೇವಿನ ಮರಕ್ಕೆ ಪೈಪು ಕಟ್ಟಿ ಊರಿಗೊಂದು ರೇಡಿಯೋ ಕೇಂದ್ರ ಮಾಡಿದ್ದ. ಲೈಸನ್ಸು ಇರಲಿಲ್ಲ. ಯಾರ ಎಮ್ಮೆ ಈದಿತು, ಕಾಲುವೆಗೆ ನೀರು ಯಾವಾಗ, ಎಲ್ಲ ಹೇಳುತ್ತಿದ್ದ. ಒಂದು ಬೆಳಿಗ್ಗೆ ಶ್ರೀಶೈಲನ ಗೊಬ್ಬರದ ರೇಟನ್ನೂ ಗೋಕಾಕದ ರೇಟನ್ನೂ ಬೆನ್ನುಬೆನ್ನಿಗೆ ಓದಿದ. ಆ ವಾರವೇ ಯಾರೋ ಅರ್ಜಿ ಕೊಟ್ಟು, ಪೊಲೀಸರು ಬಂದು ಯಂತ್ರ ಹೊತ್ತೊಯ್ದರು.

‘ಹೆಂಡತೀನ ಬ್ಯಾಸತ್ತು ಅರ್ಜಿ ಕೊಟ್ಟಾಳ’ ಎಂದಿತು ಊರು. ಸತ್ಯಪ್ಪ ಮತ್ತೊಂದು ಯಂತ್ರ ಕಟ್ಟಿ ಜೋಳದ ಚೀಲದಲ್ಲಿ ಬಚ್ಚಿಟ್ಟ, ಬಳಸಲಿಲ್ಲ. ಅರ್ಜಿ ನೀ ಕೊಟ್ಟಿಯಾ ಎಂದು ಸಾಯುವವರೆಗೂ ಕೇಳಲಿಲ್ಲ. ಕೇಳಿ ಎರಡು ಏಟು ಹಾಕಿದ್ದರೂ ಆಕೆಗೆ ಇಷ್ಟು ನೋಯುತ್ತಿರಲಿಲ್ಲ.

*

ಗಂಡನನ್ನು ಮಣ್ಣಿಗಿಡುವುದರೊಳಗೆ ಅರ್ಜಿ ಕೊಟ್ಟವನ ಹೆಸರು ಊರ ಕಿವಿಗೆ ಬೀಳಬೇಕಿತ್ತು. ನಸುಕಿನಲ್ಲೇ ಒಳಕೋಣೆಯಲ್ಲಿ ಚೀಲದೊಳಗಿನ ಯಂತ್ರ ತೆಗೆದು ವಯರು ಸಿಕ್ಕಿಸಿ, ಮೈಕಿನ ಮೇಲೆ ಮೊರ ಮುಚ್ಚಿದ್ದಳು. ಈಗ ಹೆಣದ ಮಗ್ಗುಲಿಗೆ ತಂದಿಟ್ಟಿದ್ದ ಮನೆಯ ರೇಡಿಯೋವನ್ನು ಗಂಡನ ಕೇಂದ್ರಕ್ಕೆ ಹಚ್ಚಿ, ಶ್ರೀಶೈಲನನ್ನು ಒಳಗೆ ಕರೆದು ಬಾಗಿಲು ಹಾಕಿದಳು.

“ಆ ಅರ್ಜಿ ಬರದವ ಬಲೇ ಶಾಣ್ಯಾ. ಎರಡನೇ ಕ್ಲಾಸಿಗೇ ಸಾಲಿ ಬಿಟ್ಟಾಕಿ ನಾ, ನನಗ ಹೆಂಗ ಬರೀಬೇಕ್ರಿ? ನೀವ ಅಂತ ಗೊತ್ತೈತಿ. ಹೊರಗ ಹೇಳಿದ್ರ ನನ್ನ ಮಾತು ಯಾರು ನಂಬ್ತಾರ? ನನ್ನ ಮುಂದ ಒಂದ್ಸಲ ಹೇಳಿಬಿಡ್ರಿ, ಹಗುರಾಗಿ ಮಣ್ಣು ಕೊಟ್ಟು ಬರ್ತೇನಿ.”

ಶ್ರೀಶೈಲ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಆದದ್ದು ಆತ್ರಿ, ವೈನಿ. ಅರ್ಜಿ ನಾನ ಕೊಟ್ಟೆ.”

“ಮತ್ತ ನನ್ನ ಹೆಸರ ಯಾಕ ಹಬ್ಬಿಸಿದ್ರಿ?”

“ಹೆಂಗಸಿನ ಹೆಸರಂದ್ರ ಊರು ಲಗೂನ ನಂಬತೈತಿ ಅಂತ.”

ಹೊರಗೆ ಹಾರ್ಮೋನಿಯಂ ನಡುವೆಯೇ ಬಾಯಿ ಮುಚ್ಚಿತು. ಚಾಪೆಯಿಂದ ಯಾರೋ ಎದ್ದರು. ಒಬ್ಬರಲ್ಲ, ಹತ್ತಾರು ಜನ.

“ಭಜನಿ ಯಾಕ ನಿಂತೈತ್ರಿ?” ಅಂದ ಶ್ರೀಶೈಲ.

ಶಿವಗಂಗವ್ವ ಮೊರ ಎತ್ತಿ ಮೈಕು ತೋರಿಸಿದಳು. ಬಾಗಿಲ ಚಿಲಕಕ್ಕೆ ಕೈ ಹಾಕಿ, ಹಿಂತಿರುಗಿ ನೋಡಿದಳು.

“ಶಾಣ್ಯಾ ಅದೀರಿ. ನೀವ ಹೇಳ್ರಿ ನೋಡೂಣು.”