ಅಮ್ಮನ ಎಲೆಯ ಊಟ ಯಾರಿಗೆ

೧

ವಾಸನೆಯಿಂದ ಶುರು ಮಾಡಲೇ? ಹುರಿದ ಕೊತ್ತಂಬರಿ, ಅದರ ಹಿಂದೆಯೇ ಸೀಮೆಎಣ್ಣೆ, ಎಲ್ಲದರ ಅಡಿಯಲ್ಲಿ ಸ್ವಲ್ಪ ಬೆವರು. ಅದು ಅಮ್ಮನ ಸೆರಗು. ಬೊಂಬಾಯಿಯ ಸಯನ್‌ನ ಚಾಳಿನ ಒಂದೇ ಕೋಣೆಯಲ್ಲಿ ಅಮ್ಮ ನಡುವೆ ಮಲಗುತ್ತಿದ್ದಳು, ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಅಕ್ಕ ಸೇವಂತಿ. ಸೆರಗಿನ ತುದಿಯನ್ನು ಮೂಗಿನ ಮೇಲೆ ಎಳೆದುಕೊಳ್ಳದೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಬಾಲ್ಯದ ವಾಸನೆಯಿಂದ ಕಥೆ ಶುರು ಮಾಡುವುದು ಹಳೆಯ ಉಪಾಯ, ಓದುಗರೇ. ಗೊತ್ತು. (ಎಪ್ಪತ್ತು ದಾಟಿದವಳಿಗೆ ಹೊಸ ಉಪಾಯ ಎಲ್ಲಿಂದ ಬರಬೇಕು?) ಇಷ್ಟನ್ನು ಬರೆದು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದ್ದೆ. ಆಗ ಅವಳು ನನ್ನೊಡನೆ ಮಾತಾಡುತ್ತಿದ್ದಳು.

"ಕೊತ್ತಂಬರಿಯಾ? ಎಂಥ ಕೊತ್ತಂಬರಿ ಮಾರಾಯ್ತಿ? ನನ್ನ ಬದಿಗೆ ಬರೀ ಚಿಮಿಣಿಎಣ್ಣೆ. ಸೆರಗು ನಿನ್ನ ಬದಿಗೆ ಇದ್ದದ್ದಲ್ವಾ ವಾರಿಜಾ?"

"ಅಮ್ಮ ಮಗ್ಗುಲು ಬದಲಾಯಿಸ್ತಿದ್ಳಲ್ಲ ಅಕ್ಕ?"

"ಮಗ್ಗುಲು ಬದಲಾಯಿಸಬಹುದು. ಸೆರಗು ಎಲ್ಲಿಗೆ ಹೋಗ್ತದೆ? ಎಡ ಹೆಗಲಲ್ಲೇ ಅಲ್ವಾ?"

ನಗುತ್ತಲೇ ಹೇಳಿದ್ದಳು. ಆದರೂ ಈ ಆರಂಭವನ್ನು ಅರ್ಧಕ್ಕೇ ಬಿಟ್ಟೆ. ಯಾರ ಬದಿಯಿಂದ ಬರೆಯಬೇಕು ಎಂದು ಗೊತ್ತಾಗುವವರೆಗೆ ವಾಸನೆ ಅಲ್ಲೇ ಇರಲಿ.

೨

ಟ್ಯೂಬಿನಿಂದ ಶುರು ಮಾಡುತ್ತೇನೆ. ನನ್ನ ಮೊಮ್ಮಗಳು ಯಕ್ಷಿತಾ ಅಂಧೇರಿಯ ಆಫೀಸಿನಿಂದ ಬರುವಾಗ ಎರಡು ಪುಟ್ಟ ಪೆಟ್ಟಿಗೆ ತಂದಳು. ಡಿಎನ್‌ಎ ಕಿಟ್ ಅಂತೆ. ಮನೆಯಲ್ಲೇ ಕೂತು ಟ್ಯೂಬಿಗೆ ಎಂಜಲು ಉಗುಳಿ, ಮುಚ್ಚಿ, ಕೊರಿಯರ್ ಮಾಡಿದರೆ ನಮ್ಮ ಹಿಂದಿನವರು ಎಲ್ಲಿಯವರು ಎಂಬುದು ಫೋನಿಗೆ ಬರುತ್ತದೆ.

"ಅಜ್ಜಿ, ನಮ್ಮ ಬಳಿ ಅಮ್ಮನ ಸೈಡಿಂದ ಬರ್ತದೆ ಅಂತ ನೀವು ಹೇಳ್ತೀರಲ್ಲ? ಇದ್ರಲ್ಲೂ ಸೇಮ್ ಟು ಸೇಮ್. ಮದರ್ಸ್ ಲೈನ್ ಅಲಗ್ ಸೇ ದಿಖಾತಾ ಹೈ, ಬೇರೆಯೇ ತೋರಿಸ್ತದೆ. ನಿಮಗೊಂದು, ದೊಡ್ಡಜ್ಜಿಗೊಂದು."

ತುಳುವರ ಮನೆಗಳಲ್ಲಿ ಬಳಿ ಎಂದರೆ ತಾಯಿಯಿಂದ ಮಕ್ಕಳಿಗೆ ಇಳಿಯುವ ಕುಲ. ಹೆಸರಿನ ಹಿಂದೆ ಅಪ್ಪ ಇರಬಹುದು, ಬಳಿ ಮಾತ್ರ ಅಮ್ಮನದೇ. (ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡ ಮಾಡಿದ್ದೇನೆ. ಹಾಗಾಗಿ ಅಕ್ಕನ ಬೈಗುಳದ ಖಾರ ಅರ್ಧ ಇಳಿದಿದೆ.)

ಅಕ್ಕ ಭಾಂಡುಪ್‌ನಿಂದ ಬಂದಳು. ಬಿಪಿ ಮಾತ್ರೆಯಿಂದ ಅವಳ ಬಾಯಿ ಒಣಗಿತ್ತು, ಎಷ್ಟು ಹೆಣಗಿದರೂ ಟ್ಯೂಬು ತುಂಬಲಿಲ್ಲ. ನಮ್ಮ ಮನೆಗೆಲಸದ ಸೋಮವ್ವ ನಿಂಬೆಕಾಯಿ ಉಪ್ಪಿನಕಾಯಿಯ ಭರಣಿ ತಂದು ಅವಳ ಮೂಗಿನ ಮುಂದೆ ಹಿಡಿದಳು.

"ವಾಸ್ನಿ ತಗೋರಿ ಅಮ್ಮಾ, ಬಾಯಾಗ ನೀರು ಬರ್ತಾವು."

"ತಿನ್ಬೇಡಿ ಹಾಂ ದೊಡ್ಡಜ್ಜಿ! ಓನ್ಲಿ ಸ್ಮೆಲ್!"

"ಜೀವಮಾನವಿಡೀ ಎಂಜಲು ಎಂಜಲು ಅಂತ ಕೈ ತೊಳೆಸಿದ್ರು," ಅಂದಳು ಅಕ್ಕ. "ಈಗ ಎಂಜಲನ್ನೇ ಕೊರಿಯರ್ ಮಾಡ್ಬೇಕಂತೆ!"

ನಾಲ್ವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಒಟ್ಟಿಗೆ ನಕ್ಕದ್ದು ಅದೇ ಕೊನೆ.

(ಈ ಕಡೆಯ ವಾಕ್ಯವನ್ನು ಹೊಡೆದು ಹಾಕಬೇಕು. ಕಥೆ ಬರೆಯುವವರು ಮುಂದಿನದನ್ನು ಮೊದಲೇ ಹೇಳಿ ಓದುಗರನ್ನು ಹೆದರಿಸಬಾರದು. ಹೊಡೆಯಲಿಲ್ಲ. ನನಗೊಬ್ಬಳಿಗೇ ಹೆದರಲು ಬೇಸರ.)

೩

ಫಲಿತಾಂಶ ಬಂತು. ಒಡಹುಟ್ಟಿದವರದ್ದು ಹೆಚ್ಚುಕಡಿಮೆ ಅರ್ಧ ಹೊಂದಬೇಕಂತೆ. ನಮ್ಮದು ಏನೂ ಹೊಂದಲಿಲ್ಲ. ಅಮ್ಮನ ಗೆರೆಯೂ ಬೇರೆ ಬೇರೆ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಎದುರುಬದುರು ಕೂತ ಇಬ್ಬರು ಹೆಂಗಸರಷ್ಟೇ ನಾವು ಸಂಬಂಧಿಗಳು.

ಅಂದರೆ ನಮ್ಮಿಬ್ಬರಲ್ಲಿ ಒಬ್ಬಳು ಅಮ್ಮನ ಮಗಳಲ್ಲ. ಯಾರು ಎಂದು ಫೋನು ಹೇಳಲಿಲ್ಲ. ಹೇಳಬೇಕಾದವಳು ಸತ್ತು ಬಹಳ ಕಾಲವಾಗಿದೆ. ಅಕ್ಕ ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು, ನಾನು ಹುಟ್ಟಿದ್ದು ಅವಳಿಗೆ ನೆನಪಿಲ್ಲ.

ಇನ್ನೊಮ್ಮೆ ಪರೀಕ್ಷೆ ಮಾಡಿಸೋಣ ಎಂದು ಯಕ್ಷಿತಾ ಫೋನ್ ಮಾಡಿದಾಗ ಅಕ್ಕ ಹೇಳಿದ್ದು ಇಷ್ಟು: "ಇನ್ನೊಮ್ಮೆ ಉಗಿಯುವುದಾದ್ರೆ ಟ್ಯೂಬಿಗಲ್ಲ, ನಿನ್ನ ಅಜ್ಜಿಯ ಮುಖಕ್ಕೆ. ಈ ವಯಸ್ಸಲ್ಲಿ ನನ್ನ ಅಮ್ಮನನ್ನ ಕಿತ್ಕೊಂಡ್ರಲ್ಲ." ಅಲ್ಲಿಂದ ನನ್ನ ಫೋನು ಎತ್ತುವುದನ್ನು ಬಿಟ್ಟಳು.

೩ (ಮತ್ತೊಮ್ಮೆ)

ಇದನ್ನು ಹೀಗೆ ಬರೆದರೆ ಹೇಗೆ? ಅಕ್ಕ ಉಗುಳಲಾರದೆ ಸೋತು ಬಚ್ಚಲಿಗೆ ಹೋದಾಗ, ಸೋಮವ್ವ ಅಯ್ಯೋ ಪಾಪ ಎಂದು ತಾನೇ ಆ ಟ್ಯೂಬು ತುಂಬಿಸಿಬಿಟ್ಟಳು. ಒಂದು ಸಣ್ಣ ದಯೆ, ದೊಡ್ಡ ಅನಾಹುತ. ಓದುಗರು ನಗುತ್ತಾರೆ, ಅಕ್ಕ ಬರುತ್ತಾಳೆ, ಕಥೆ ಮುಗಿಯುತ್ತದೆ. ಬರೆದು, ಚಪಾತಿ ಲಟ್ಟಿಸುತ್ತಿದ್ದ ಸೋಮವ್ವನ ಹತ್ತಿರ ಹೋಗಿ ಕೇಳಿಯೇ ಬಿಟ್ಟೆ.

"ನನ್ನ ಯಾಕ ಕಥ್ಯಾಗ ಎಳೀತೀರಿ ಅಮ್ಮಾ? ನಾ ಉಗುಳೋದಾದ್ರ ಮೋರ್ಯಾಗ ಉಗುಳತೀನಿ, ಅಕ್ಕಾರ ನಳಿಗ್ಯಾಗ ಯಾಕ?"

"ಹಾಗೆ ಆಗಿದ್ದರೆ ಚೆನ್ನಾಗಿತ್ತು ಸೋಮವ್ವ."

ಅವಳು ಲಟ್ಟಣಿಗೆ ನಿಲ್ಲಿಸಿದಳು. "ಆಗೇತಿ ಅಂತ ಸುಳ್ಳು ಹೇಳ್ಲೇನ್ರಿ? ಬೇಕಾದ್ರ ಅಕ್ಕಾರಿಗೆ ಫೋನ್ ಹಚ್ಚಿ ಹೇಳ್ತೀನಿ."

ಬೇಡ ಎಂದೆ. ಸುಳ್ಳನ್ನು ಬರೆಯಬಲ್ಲೆ, ಇನ್ನೊಬ್ಬರ ಬಾಯಲ್ಲಿ ಹೇಳಿಸಲಾರೆ. ಸೋಮವ್ವನ ಆವೃತ್ತಿಯನ್ನು ಕೈಬಿಟ್ಟಿದ್ದೇನೆ.

೪

ನೀವು ಕೇಳುತ್ತೀರಿ: ಇಷ್ಟು ವಯಸ್ಸಾದ ಮೇಲೆ ಯಾರ ಹೊಟ್ಟೆಯಲ್ಲಿ ಹುಟ್ಟಿದರೇನು? ಸಾಕಿದವಳೇ ತಾಯಿಯಲ್ಲವೇ? ಅಲ್ಲ ಎಂದು ನಾನೆಲ್ಲಿ ಹೇಳಿದೆ?

ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮವರು ತೀರಿಹೋದವರಿಗೆ ಬಡಿಸುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆ ಹಾಕಿ, ಹೆಸರು ಹಿಡಿದು ಕರೆದು, ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ನಮ್ಮ ಮನೆಯ ಕ್ರಮದಲ್ಲಿ, ಆಮೇಲೆ ಆ ಎಲೆಯ ಊಟ ಹೆಣ್ಣುಮಕ್ಕಳದು. ಹೊಟ್ಟೆಯ ಮಕ್ಕಳದು. ಅಳಿಯಂದಿರಿಗಿಲ್ಲ, ನೆಂಟರಿಗಿಲ್ಲ. ಅಮ್ಮ ತನ್ನ ಅಮ್ಮನ ಎಲೆಯಿಂದ ಉಂಡಳು. ಪ್ರತಿ ಆಟಿಯಲ್ಲಿ ಅಕ್ಕ ಸಯನ್‌ಗೆ ನನ್ನ ಮನೆಗೆ ಬಂದು ಅಮ್ಮನನ್ನು ಕರೆಯುತ್ತಿದ್ದಳು, ನಾನು ನೀರು ಬಿಡುತ್ತಿದ್ದೆ. ಮತ್ತೆ ಇಬ್ಬರೂ ಒಂದೇ ಎಲೆಗೆ ಕೈ ಹಾಕಿ, ಕೋಳಿಯ ತುಂಡಿಗೆ ಜಗಳವಾಡಿ ಉಣ್ಣುತ್ತಿದ್ದೆವು.

ಈ ವರ್ಷ ಆ ಎಲೆ ಯಾರದು?

ಇನ್ನೊಂದು ಮಾತು. ಇದನ್ನು ಕಥೆಯಲ್ಲಿ ಹೇಳಬಾರದು ಎಂದುಕೊಂಡಿದ್ದೆ. ನಾನು ಜನರ ಸಣ್ಣ ಸಣ್ಣ ಒಳ್ಳೆಯತನ ನೋಡಿಕೊಂಡು ಬದುಕಿದವಳು. ಅಮ್ಮ ಬಂಗುಡೆ ಮೀನಿನ ತಲೆ ತಾನಿಟ್ಟುಕೊಂಡು ನಡುವಿನ ತುಂಡನ್ನು ಇಬ್ಬರಿಗೂ ಸಮ ಮಾಡುತ್ತಿದ್ದಳು. ಈಗ ಅನ್ನಿಸುತ್ತದೆ, ಅದರಲ್ಲಿ ಒಂದು ಪಾಲು ಮಗಳಿಗೆ ಸಲ್ಲಬೇಕಾದದ್ದು, ಇನ್ನೊಂದು ಪಾಲು ದಯೆ. ದಯೆಯನ್ನು ಹೊರಗಿನವರಿಗೆ ಕೊಡುತ್ತಾರೆ. ಎರಡೂ ಒಂದೇ ಬಾಣಲೆಯಿಂದ ಬಂದವು, ರುಚಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ನಾನು ಎಷ್ಟು ನೆನಪು ಮಾಡಿಕೊಂಡರೂ ಗೊತ್ತಾಗುವುದಿಲ್ಲ.

೬

(ಐದು ಇಲ್ಲ. ಅದರಲ್ಲಿ ಅಮ್ಮನೇ ಬಂದು ಉತ್ತರ ಹೇಳುತ್ತಿದ್ದಳು. ತುಂಬ ಮಾತಾಡಿದಳು, ಒಂದು ಮಾತೂ ಅಮ್ಮನ ಹಾಗೆ ಕೇಳಿಸಲಿಲ್ಲ. ಹರಿದೆ.)

ಅಮ್ಮನ ತಮ್ಮ ಕಾಂತಪ್ಪ ಮಾವ ಇನ್ನೂ ಇದ್ದಾರೆ, ಅಂಧೇರಿಯಲ್ಲಿ ಮಗನ ಮನೆಯಲ್ಲಿ. ಅವರದ್ದೂ ಅಮ್ಮನದ್ದೂ ಒಂದೇ ಬಳಿ. ಅವರ ಎಂಜಲಿಗೆ ಯಾರದು ಹೊಂದುತ್ತದೋ ಅವಳು ಮಗಳು. ಯಕ್ಷಿತಾ ಯಾರನ್ನೂ ಕೇಳದೆ ಅವರಿಂದ ಉಗುಳಿಸಿಕೊಂಡು ಬಂದಳು.

"ನಾನು ಬೊಂಬಾಯಿಗೆ ಬಂದಾಗ ನೀವಿಬ್ಬರೂ ಆಗ್ಲೇ ಜಗಳ ಆಡ್ತಿದ್ರಿ," ಎಂದರು ಮಾವ ಫೋನಿನಲ್ಲಿ. "ನನಗೆ ಅಷ್ಟೇ ಗೊತ್ತು. ಒಡಹುಟ್ಟಿದವರಲ್ಲದೆ ಅಷ್ಟು ಜಗಳ ಆಡ್ಲಿಕ್ಕಾಗ್ತದಾ?"

ಮಾವನ ಫಲಿತಾಂಶ ಬಂದು ಕೆಲವು ದಿನಗಳಾದವು. ಯಕ್ಷಿತಾ ನೋಡಿದ್ದಾಳೆ. ಹೇಳಬೇಡ ಎಂದಿದ್ದೇನೆ, ಹೇಳಿಲ್ಲ. ಆದರೆ ಆ ದಿನದಿಂದ ನನ್ನ ಚಹಾದ ಲೋಟ ಅವಳೇ ತೊಳೆಯುತ್ತಾಳೆ. ದಾಳಿಂಬೆ ಬಿಡಿಸಿ ಬಟ್ಟಲಲ್ಲಿ ಇಟ್ಟು ಹೋಗುತ್ತಾಳೆ. ಮೊದಲೆಲ್ಲ "ಅಜ್ಜಿ ಯಾರ್, ಬೋರ್ ಮತ್ ಕರೋ" ಅನ್ನುತ್ತಿದ್ದವಳು ಈಗ ನನ್ನ ಮಾತನ್ನು ಕಡೆಯವರೆಗೆ ಕೇಳುತ್ತಾಳೆ.

ಜೀವನವಿಡೀ ನಾನು ಹುಡುಕಿದ್ದು ಇಂಥದ್ದನ್ನೇ. ಈಗ ಆ ದಾಳಿಂಬೆಯ ಬಟ್ಟಲನ್ನು ಮುಟ್ಟದೆ ಪಕ್ಕಕ್ಕೆ ಸರಿಸುತ್ತೇನೆ. ಮಗಳು ಎಂದು ಬಂದಿದ್ದರೆ ಅವಳು ಯಾಕೆ ಬಿಡಿಸಿಡುತ್ತಿದ್ದಳು?

ಅಂತ್ಯಗಳು

ಒಂದರಲ್ಲಿ ನಾನು ಮಗಳು, ಅಕ್ಕ ಅಲ್ಲ. ಇದನ್ನು ಬರೆಯಲು ಹೋದಾಗ ಅಕ್ಕ ಹಾಳೆಯೊಳಗಿಂದಲೇ, "ಬರಿ, ಬರಿ. ನಿನ್ನ ಕಥೆಗಳಲ್ಲಿ ನಾನು ಯಾವಾಗಲೂ ಬೈಯುವವಳೇ ಅಲ್ವಾ? ಈಗ ಹೊರಗಿನವಳೂ ಆಗ್ತೇನೆ," ಎಂದಳು. ಪೆನ್ನು ಕೆಳಗಿಟ್ಟೆ.

ಇನ್ನೊಂದರಲ್ಲಿ ಅಕ್ಕ ಮಗಳು, ನಾನು ಅಲ್ಲ. ಅದನ್ನು ಬರೆಯಲು ಯಾರೂ ಅಡ್ಡಿ ಮಾಡಲಿಲ್ಲ. ಅರ್ಧ ಪುಟದಲ್ಲಿ ಕೈಯೇ ನಿಂತಿತು.

ಆಮೇಲೆ ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಇದು ಅಂತ್ಯವಲ್ಲ.

ಆಟಿಯ ಆ ದಿನ ಅಕ್ಕ ಬರಲಿಲ್ಲ. ಕೋಳಿ ಸಾರು, ನೀರುದೋಸೆ ಮಾಡಿ ಎಲೆ ಹಾಕಿದೆ. ಕರೆಯಬೇಕಿತ್ತು. "ಅಮ್ಮಾ" ಎನ್ನಲು ಬಾಯಿ ತೆರೆದೆ, ಯಾವ ಅಧಿಕಾರದಿಂದ ಎಂದು ಗಂಟಲು ಕೇಳಿತು. ಕರೆಯದೆಯೇ ಬಾಗಿಲು ಮುಚ್ಚಿ ನಿಂತೆ. ಅಮ್ಮ ಬಂದಳೋ ಇಲ್ಲವೋ. ಎಲೆಯ ಊಟವನ್ನು ಸ್ಟೀಲ್ ಡಬ್ಬಿಗೆ ತುಂಬಿ ಭಾಂಡುಪ್‌ಗೆ ಹೊರಟೆ.

ಸ್ಲೋ ಲೋಕಲ್‌ನಲ್ಲಿ ಹುಡುಗಿಯೊಬ್ಬಳು ಎದ್ದು ಜಾಗ ಕೊಟ್ಟು, ಡಬ್ಬಿಯನ್ನು ತನ್ನ ಮಡಿಲಲ್ಲಿ ಇಟ್ಟುಕೊಳ್ಳಲೇ ಎಂದು ಕೇಳುವಂತೆ ಕೈ ಚಾಚಿದಳು. ಇವಳಿಗೂ ಗೊತ್ತೇ ಎಂದು ಹೆದರಿದೆ. (ಎದ್ದು ನಿಂತವಳಿಗೆ ಮಡಿಲು ಎಲ್ಲಿಂದ ಬಂತು ಎಂದು ಹಿಡಿಯುತ್ತೀರಿ. ಸರಿ, ಡಬ್ಬಿಯನ್ನು ಕೇಳಿದ್ದು ಪಕ್ಕದವಳು. ಆ ದಿನ ಎಲ್ಲರೂ ಒಳ್ಳೆಯವರೇ ಆಗಿದ್ದರು.)

ಅಕ್ಕನ ಬಾಗಿಲಿಗೆ ಹೊರಗಡೆ ಕಬ್ಬಿಣದ ಸಲಾಕೆಗಳ ಜಾಲಿ ಬಾಗಿಲು. ಬೆಲ್ ಒತ್ತಿದೆ.

"ಯಾರು?"

ತಂಗಿ ಎನ್ನಲಾಗಲಿಲ್ಲ. "ನಾನು," ಎಂದೆ.

ಒಳಬಾಗಿಲು ತೆರೆಯಿತು. ಜಾಲಿಯ ಬೀಗ ಹಾಗೇ ಇತ್ತು. ಅಕ್ಕ ಸೊರಗಿ ಹೋಗಿದ್ದಳು.

"ಮಾವನದ್ದು ಬಂದ ಮೇಲೆ ಯಕ್ಷಿತಾ ಎಂಥ ಹೇಳಿದ್ಳು?"

"ಎಂಥದೂ ಇಲ್ಲ. ನಾನು ಕೇಳ್ಲಿಲ್ಲ."

"ನಾನೂ ಕೇಳ್ಲಿಲ್ಲ. ದಿನಾ ಫೋನ್ ಮಾಡ್ತಾಳೆ. ದೊಡ್ಡಜ್ಜಿ ಊಟ ಆಯ್ತಾ, ಮಾತ್ರೆ ಆಯ್ತಾ ಅಂತ. ಮೊದ್ಲೆಲ್ಲ ಹಬ್ಬಕ್ಕೂ ಮಾಡ್ತಿರ್ಲಿಲ್ಲ. ನನಗೆ ಹೆದರಿಕೆ ಆಗ್ತದೆ ವಾರಿಜಾ."

ಯಕ್ಷಿತಾ ಅವಳಿಗೂ ಹಾಗೇ ಮಾಡುತ್ತಾಳೆ. ಅವಳ ಮೇಲೂ ಅದೇ ಕರುಣೆ. ಓದುಗರೇ, ಮೂರನೆಯ ಅಂತ್ಯವೊಂದು ಇದೆ ಎಂದು ನನಗೆ ಹೊಳೆದದ್ದು ಆ ಬಾಗಿಲಲ್ಲಿ. ಇಬ್ಬರೂ ಅಮ್ಮನ ಮಕ್ಕಳಲ್ಲ. ಅಮ್ಮನ ಎಲೆಗೆ ಈ ಲೋಕದಲ್ಲಿ ಯಾರೂ ಇಲ್ಲ. ಅಕ್ಕನ ಮುಖ ನೋಡಿದೆ, ಅವಳಿಗೂ ಅದು ಹೊಳೆದಿತ್ತು, ನನಗಿಂತ ಮೊದಲೇ.

"ಬಾಗಿಲು ತೆಗಿ ಅಕ್ಕ. ಎಲೆಯ ಊಟ ತಂದಿದ್ದೇನೆ."

"ತೆಗೆದ್ರೆ ನೀನು ಒಳಗೆ ಬರ್ತಿ. ಬಂದ್ರೆ ಒಟ್ಟಿಗೆ ಕೂತ್ಕೊಳ್ಬೇಕು. ಯಾರ ಮಕ್ಕಳು ಅಂತ ಉಣ್ಣುವುದು, ಹೇಳು?"

ಡಬ್ಬಿಯನ್ನು ಸಲಾಕೆಗಳ ನಡುವೆ ತೂರಿಸಲು ನೋಡಿದೆ, ಹೋಗಲಿಲ್ಲ. ಅಕ್ಕ ತಿರುಗಿ ಒಳಗೆ ಹೋದಳು.

ಬೀಗದ ಕೈ ತರಲು ಹೋದಳು ಎಂದು ಬರೆಯಬಹುದು. ಫಲಿತಾಂಶವನ್ನು ಇಲ್ಲೇ, ಈ ಸಾಲಿನ ಕೆಳಗೆ ಹೇಳಿಬಿಡಬಹುದು. ನಿಮಗೂ ಹಗುರವಾದೀತು. ಬರೆಯುವುದಿಲ್ಲ, ನನ್ನನ್ನು ಒತ್ತಾಯಿಸಬೇಡಿ.

ಒಳಗಿನಿಂದ ಹುರಿದ ಕೊತ್ತಂಬರಿಯ ವಾಸನೆ ಬರುತ್ತಿತ್ತು. ಅಕ್ಕನ ಚಪ್ಪಲಿಯ ಸದ್ದು ಹೋಗಿ, ನಿಂತು, ಮತ್ತೆ ಬಂತು. ಅವಳ ಕೈಯಲ್ಲಿ ಮಡಿಸಿ ನಾರು ಕಟ್ಟಿದ ಬಾಳೆಲೆ ಇತ್ತು. ಅವಳೂ ಒಬ್ಬಳೇ ಅಮ್ಮನಿಗೆ ಬಡಿಸಿದ್ದಳು, ಅವಳೂ ಉಂಡಿರಲಿಲ್ಲ. ಎಲೆ ಹರಿಯದ ಹಾಗೆ ಓರೆ ಮಾಡಿ, ಇನ್ನೂ ಬಿಸಿಯಾಗಿದ್ದ ಅದನ್ನು ಎರಡು ಸಲಾಕೆಗಳ ನಡುವಿನಿಂದ ನನ್ನ ಕೈಗೆ ಕೊಟ್ಟಳು.